ಲೆಕ್ಕದ ಯಂತ್ರ ಹೊತ್ತ ಹೆಗಲು

ನಮ್ಮ ಕಾಲೇಜಿನ ಸಿಪಾಯಿ ಕಾಕಾನ ಬಲ ಹೆಗಲು ಎಡಗಡೆಯದಕ್ಕಿಂತ ಎರಡು ಬೆರಳು ಕೆಳಗಿತ್ತು. ತೊಟ್ಟ ಅಂಗಿ ಸದಾ ಅತ್ತಲೇ ಜಾರುತ್ತಿತ್ತು. ಅದಕ್ಕೆ ಕಾರಣ ಒಂದು ಲೆಕ್ಕದ ಯಂತ್ರ.

ಎಪ್ಪತ್ತರ ದಶಕದ ಮಾತು. ಸಂಖ್ಯಾಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆಯನ್ನು ಯಂತ್ರದಲ್ಲೇ ಮಾಡಬೇಕೆಂದು ಮೇಲಿನವರು ಆಜ್ಞೆ ಹೊರಡಿಸಿ ಕೈತೊಳೆದುಕೊಂಡರು. ಯಂತ್ರ ಎಲ್ಲಿಂದ ಬರಬೇಕು ಎಂದು ಬರೆಯಲು ಮರೆತಿದ್ದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಕಾಲೇಜುಗಳು ಕೂಡಿ ಒಂದನ್ನು ತಂದವು. ಹಿಡಿಕೆ ತಿರುಗಿಸಿದರೆ ಗರಗರ ಎನ್ನುವ ಕಬ್ಬಿಣದ ಮುದ್ದೆ. ಅದನ್ನು ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಊರಿಂದೂರಿಗೆ ಒಯ್ಯುವುದು ಕಾಕಾನ ಕೆಲಸ. ಇಂಡಿ ಕಾಲೇಜಿನ ನಮ್ಮ ಪಾಳಿ ಗುರುವಾರ. ಬಸ್ಸಿನಲ್ಲಿ ಅದನ್ನು ಕೆಳಗಿಟ್ಟವನಲ್ಲ, ತೊಡೆಯ ಮೇಲೇ ಕೂರಿಸಿಕೊಳ್ಳುತ್ತಿದ್ದ.

ಕಾಕಾನಿಗೆ ಓದು ಬರುತ್ತಿರಲಿಲ್ಲ, ಯಂತ್ರದ ಸದ್ದು ಮಾತ್ರ ಪೂರ್ತಿ ತಿಳಿಯುತ್ತಿತ್ತು. ಭಾಗಾಕಾರದಲ್ಲಿ ಒಂದು ಸುತ್ತು ಹೆಚ್ಚಾದರೆ ಅದು ಟಿಣ್ ಎಂದು ಗಂಟೆ ಬಾರಿಸುತ್ತಿತ್ತು. ನಾವು ಗಾಬರಿಯಾದರೆ ಬಾಗಿಲಿನಿಂದಲೇ ಹೇಳುತ್ತಿದ್ದ: "ಅಂಜಬ್ಯಾಡ್ರಿ. ಹೆಚ್ಚಾಗೇತಿ ಅಂತ ಹೇಳಾಕತ್ತೇತಿ. ಒಂದ್ ಸುತ್ತ ಹಿಂದಕ್ಕ ತಿರುಗಸ್ರಿ, ಸರಿ ಆಗ್ತೇತಿ."

ಕೊನೆಯ ವರ್ಷದ ಪರೀಕ್ಷೆಯ ದಿನ ಸಿಂದಗಿಯಿಂದ ಕಾಕಾ ಬರುತ್ತಿದ್ದ ಬಸ್ಸು ದಾರಿಯ ತಾಂಬಾ ಊರು ದಾಟಿ ಕೆಟ್ಟು ನಿಂತಿತು. ಉರಿಬಿಸಿಲಲ್ಲಿ ಕಾಕಾ ಯಂತ್ರ ಹೊತ್ತು ಆರು ಮೈಲಿ ನಡೆದು ಬಂದ. ಬೆಳಿಗ್ಗೆಯ ಪರೀಕ್ಷೆ ಮಧ್ಯಾಹ್ನ ಶುರುವಾಯಿತು. ಐದಕ್ಕೆ ಹೊರಟುಬಿಡುತ್ತೇನೆಂದು ಪರೀಕ್ಷಕರು ಕಡ್ಡಿ ಮುರಿದಂತೆ ಹೇಳಿದರು. ಇದ್ದವರು ಏಳು ಮಂದಿ, ಕೊನೆಯ ಪಾಳಿ ನನ್ನದು. ಯಂತ್ರದ ಮುಂದೆ ಕೂರುವಾಗ ನೋಡಿದೆ. ಕಾಕಾ ಬಾಗಿಲಿಗೊರಗಿ ಎದೆ ಒತ್ತಿಕೊಂಡಿದ್ದ, ತುಟಿ ಬಿಳಿಚಿತ್ತು.

"ಕಾಕಾ, ದವಾಖಾನಿಗೆ ಹೋಗ್ರಿ."

"ಮಿಶಿನ್ ಯಾರ್ ನೋಡ್ಕೋತಾರವ್ವಾ? ನಿಂದೊಂದ್ ಆಗ್ಲಿ. ನೀ ತಿರುಗಸು."

ಎದ್ದು ಪರೀಕ್ಷಕರಿಗೆ ಹೇಳಬಹುದಿತ್ತು. ಹೇಳಿದ್ದರೆ ಪರೀಕ್ಷೆ ಅಲ್ಲಿಗೇ ನಿಂತು ನನ್ನದೊಂದು ವರ್ಷ ಹೋಗುತ್ತಿತ್ತು. ಹೇಳಲಿಲ್ಲ. ಅರ್ಧ ತಾಸು ಹಿಡಿಕೆ ತಿರುಗಿಸಿದೆ. ನಡುವೆ ಯಂತ್ರ ಟಿಣ್ ಎಂದು ಗಂಟೆ ಬಾರಿಸಿತು. ಬಾಗಿಲಿನಿಂದ ಮಾತು ಬರಲಿಲ್ಲ. ನಾನೇ ಒಂದು ಸುತ್ತು ಹಿಂದಕ್ಕೆ ತಿರುಗಿಸಿ, ತಲೆ ಎತ್ತದೆ ಉತ್ತರ ಬರೆದೆ.

ದವಾಖಾನೆ ಮುಟ್ಟಿಸುವಷ್ಟರಲ್ಲಿ ಕಾಕಾ ಹೋಗಿದ್ದ.

ನಾನು ಪಾಸಾದೆ. ಮುಂದೆ ಅದೇ ವಿಷಯವನ್ನು ಮೂವತ್ತು ವರ್ಷ ಕಲಿಸಿದೆ. ಲೆಕ್ಕ ತಪ್ಪಿ ಕಂಗಾಲಾದ ಮಕ್ಕಳಿಗೆಲ್ಲ, ಅಂಜಬೇಡಿ, ಒಂದು ಹೆಜ್ಜೆ ಹಿಂದಕ್ಕೆ ಹೋಗಿ ನೋಡಿ ಎಂದು ಕಾಕಾನ ಮಾತನ್ನೇ ಹೇಳಿದೆ. ಹೇಳುವಾಗಲೆಲ್ಲ ಕಣ್ಣು ತಾನಾಗಿ ಬಾಗಿಲಿನತ್ತ ಹೋಗುತ್ತಿತ್ತು. ಅವತ್ತು ನಾನು ಎದ್ದು ನಿಲ್ಲಬೇಕಿತ್ತು.