ನಾರ್ವೆಗೆ ಹೋದ ಹುಳುಮನೆಯ ಸುದ್ದಿ

ನನ್ನ ಮೊಮ್ಮಗಳು ಕಂಪ್ಯೂಟರಿನ ಮುಂದೆ ಕೂತು ದೂರದೇಶದ ಮಕ್ಕಳಿಗೆ ಕಾಗದ ಬರೆಯುತ್ತಾಳೆ ಎಂದು ತಿಳಿದ ದಿನ ನಾನು ಅಜ್ಜೀಪುರದ ನಮ್ಮ ಬೀದಿಗೆಲ್ಲ ಪುರಿ ಬೆಲ್ಲ ಹಂಚಿದೆ. ಎದುರುಮನೆಯವಳು ಸೆರಗೊಡ್ಡಿ ಈಸಿಕೊಂಡು, "ಏನಕ್ಕ, ಮೊಮ್ಮಗ್ಳು ದೊಡ್ಡೋಳಾದ್ಲಾ?" ಅಂದಳು.

"ಅದಾಗಿ ವರ್ಸ ಆಯ್ತು ಬುಡವ್ವ. ಈಗ ನಾರ್ವೆಗೆ ಕಾಗ್ದ ಬರೀತಾವ್ಳೆ."

ಆ ದೇಶ ಯಾವ ದಿಕ್ಕಿಗಿದೆ ಎಂದು ಅವಳೂ ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು.

ಅವಳು ಆಗ ಹನೂರಿನಲ್ಲಿ ಒಂಬತ್ತನೇ ಕ್ಲಾಸು ಓದುತ್ತಿದ್ದಳು. ಅವಳ ಶಾಲೆಗೆ ಒಂದೇ ಕಂಪ್ಯೂಟರು, ಅದಕ್ಕೊಂದು ಟೆಲಿಫೋನ್ ತಂತಿ. ನಾರ್ವೆಯ ಒಂದು ಶಾಲೆಯ ಮಕ್ಕಳು ಅಲ್ಲಿಂದ ಬರೆಯುವುದು, ನಮ್ಮ ಮಕ್ಕಳು ಇಲ್ಲಿಂದ ಬರೆಯುವುದು. ಇಂಗ್ಲಿಷನ್ನು ಕಂಪ್ಯೂಟರ್ ಮೇಡಮ್ ತಿದ್ದಿಕೊಡುತ್ತಿದ್ದರು. ಇಡೀ ಕ್ಲಾಸಿನಲ್ಲಿ ಮೂರು ಮಕ್ಕಳಿಗೆ ಮಾತ್ರ ಆ ಕುರ್ಚಿಯಲ್ಲಿ ಕೂರುವ ಭಾಗ್ಯ. ಅದರಲ್ಲಿ ನಮ್ಮವಳು ಒಬ್ಬಳು. ನಾನು ಹಿಗ್ಗದೆ ಏನು ಮಾಡಲಿ?

ಒಂದು ಸಂಜೆ ಅವಳು ಪುಸ್ತಕ ಹಿಡಿದು ಹುಳುಮನೆಗೇ ಬಂದಳು. ಮನೆಯ ಹಿರಿಯರನ್ನು ಅವರ ಕೆಲಸದ ಬಗ್ಗೆ ಕೇಳಿ, ಅವರು ಹೇಳಿದ ಹಾಗೆಯೇ ಬರೆದು ಕಳಿಸಬೇಕಂತೆ. ನಾನು ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿದ್ದೆ.

"ಅಜ್ಜಿ, ಈ ಸಲ ನಮ್ಮ ಉಳ ಎಂಗವೆ ಏಳು."

ಹುಳು ಆಗ ಮೂರನೇ ಜ್ವರದಿಂದ ಎದ್ದಿತ್ತು. ಮೇವು ಬಿಟ್ಟು ಪೊರೆ ಕಳಚುವುದನ್ನು ನಾವು ಜ್ವರ ಅನ್ನುತ್ತೇವೆ. ನಾಲ್ಕು ಜ್ವರ ದಾಟಿದರೆ ಗೂಡು. ಯಾವ ತಟ್ಟೆ ನೋಡಿದರೂ ಹುಳು ಒಂದೇ ಸಮ ಬೆಳೆದಿದ್ದವು, ಒಂದೂ ಸೊರಗಿರಲಿಲ್ಲ. ಆದರೆ ಗೂಡು ಬಿಡಿಸಿ ಚೀಲಕ್ಕೆ ತುಂಬುವ ತನಕ ಬೆಳೆ ಚೆನ್ನಾಗಿದೆ ಎಂಬ ಮಾತು ನಮ್ಮ ಕಡೆ ಯಾರ ಬಾಯಲ್ಲೂ ಬರುವುದಿಲ್ಲ. ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ನಮ್ಮತ್ತೆಯಂತೂ ಗಂಡ ಕೇಳಿದರೂ ನಿಜ ಹೇಳುತ್ತಿರಲಿಲ್ಲ.

"ಏನಿದ್ದದು ಮಗ. ಅರ್ಧಕ್ಕರ್ಧ ಓಯ್ತು. ಉಳ್ಕಂಡಿದ್ದೂ ಮಾದಪ್ಪ ಇಟ್ಟಂಗೆ," ಅಂದೆ.

ಅವಳು ಹಾಗೇ ಬರೆದುಕೊಂಡಳು. ಹಾಗೇ ಕಳಿಸಿದಳು.

ಹನ್ನೆರಡು ದಿನ ಕಳೆದಿರಬಹುದು. ಹುಳು ಹಣ್ಣಾಗಿ, ಮಗ ಸೊಸೆ ಇಬ್ಬರೂ ಆಯ್ದು ಆಯ್ದು ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದರು. ಶಾಲೆಯಿಂದ ಬಂದ ಮೊಮ್ಮಗಳು ಗೋಡೆ ಕಡೆ ತಿರುಗಿ ಮಲಗಿದಳು. ಮುದ್ದೆ ಬೇಡ ಅಂದಳು. ತಲೆ ಸವರುತ್ತ ಕೂತ ಮೇಲೆ ಒಂದೊಂದೇ ಮಾತು ಬಂತು. ಆ ದೇಶದ ಮಕ್ಕಳು ಇವಳ ಕಾಗದ ಓದಿ ಅತ್ತರಂತೆ. ನಮ್ಮ ಮನೆಗೆ ಕಳಿಸಲು ಸ್ವೆಟರು, ಕಂಬಳಿ, ಬಿಸ್ಕತ್ತು ಎಲ್ಲ ಡಬ್ಬಕ್ಕೆ ತುಂಬುತ್ತಿದ್ದಾರಂತೆ. ಹೆಡ್ಮಾಸ್ಟರು ನಮ್ಮೂರ ಹುಡುಗರನ್ನು ವಿಚಾರಿಸಿದ್ದಾರೆ. ಅವರ ಮನೆಗೆ ದಿನಕ್ಕೆ ಎರಡು ಗಾಡಿ ಸೊಪ್ಪು ಹೋಗುತ್ತದೆ ಸಾ, ಅಂದಿದ್ದಾರೆ ಹುಡುಗರು. ಸುಳ್ಳು ಬರೆದು ಭಿಕ್ಷೆ ಬೇಡಿದಳು ಎಂದು ಇವಳನ್ನು ಆ ಕುರ್ಚಿಯಿಂದ ಎಬ್ಬಿಸಿದ್ದರು. ನಾಳೆ ಮನೆಯವರು ಬರಬೇಕು.

"ಬಸ್ನಲ್ಲಿ ಆಡ್ಕತಾರೆ ಅಜ್ಜಿ. ಸ್ವೆಟರ್ ಬಂದ್ರೆ ನಂಗೊಂದು ಮಡಗಲೇ, ಬ್ಯಾಸ್ಗೆಗೆ ಆಯ್ತದೆ ಅಂತಾರೆ."

ಬೆಳೆ ಹೋಯಿತು ಎಂಬ ಮಾತು ನನ್ನದು. ಆದ್ದರಿಂದ ಮಾರನೆಯ ದಿನ ನಾನೇ ಹೊರಟೆ.

ಹೆಡ್ಮಾಸ್ಟರು ಮೈಸೂರಿನವರು. ಕೆಟ್ಟವರಲ್ಲ, ಕುರ್ಚಿ ಕೊಟ್ಟು ಕೂರಿಸಿದರು. "ನೋಡಿಯಮ್ಮ, ನಿಮ್ಮ ಬೆಳೆ ನಿಜವಾಗಲೂ ಹೋಗಿದ್ದರೆ ಹೇಳಿ, ನಾನೇ ಕ್ಷಮೆ ಕೇಳ್ತೀನಿ. ಹೋಗಿದೆಯಾ?"

"ಏನೋ ಅದೆ ಸಾ."

"ಏನೋ ಇದೆ ಅಂದರೆ?"

"ಅದೇ ಸಾ. ನೋಡ್ಬೇಕು."

"ಅಮ್ಮ, ಚೆನ್ನಾಗಿದೆಯೋ ಇಲ್ಲವೋ? ಒಂದು ಮಾತು ಹೇಳಿ. ಇಲ್ಲದಿದ್ದರೆ ಹುಡುಗಿ ಸುಳ್ಳು ಬರೆದಳು ಅಂತಲೇ ಆಗುತ್ತೆ."

ಹುಳು ಆ ಹೊತ್ತಿಗೆ ಚಂದ್ರಿಕೆಯಲ್ಲಿ ನೂಲು ಬಿಡುತ್ತಿದ್ದವು. ಬಿಡಿಸಲು ಇನ್ನೂ ಐದು ದಿನ. ಮೊಮ್ಮಗಳು ಬಾಗಿಲ ಹತ್ತಿರ ನಿಂತು ಕಾಲಿನ ಹೆಬ್ಬೆರಳನ್ನು ನೆಲಕ್ಕೆ ಒತ್ತುತ್ತಿದ್ದಳು. ಅವಳನ್ನು ನೋಡಿದೆ. ಬಾಯಿ ತೆರೆದೆ.

"ಚೆನ್ನಾಗದೆ ಸಾ. ನಾನು ಮದ್ವೆಯಾಗಿ ಬಂದಾಗಿಂದ ಇಂತಾ ಬೆಳೆ ಕಂಡಿಲ್ಲ. ಆದ್ರೆ ನಾವು ಅಂಗನ್ನಕಿಲ್ಲ ಸಾ, ದ್ರುಷ್ಟಿಯಾಯ್ತದೆ. ಮಗೀಗೆ ನಾನೇ ಅಂಗೆ ಏಳ್ದೆ. ಅದು ಏಳ್ದಂಗೇ ಬರೀತು."

ನನ್ನ ದನಿ ನನಗೇ ಯಾರದೋ ಅನ್ನಿಸಿತು. ಹೆಡ್ಮಾಸ್ಟರು ಕಂಪ್ಯೂಟರ್ ಮೇಡಮ್ಮನ್ನು ಕರೆದು, ಅಜ್ಜಿ ಈಗ ಹೇಳಿದ್ದನ್ನೇ ಬರೆದು ಕಳಿಸಿ, ಹುಡುಗಿಯೇ ಬರೆಯಲಿ, ಅಂದರು.

ಆ ಕುರ್ಚಿಯಲ್ಲಿ ಅವಳು ಕೂತದ್ದನ್ನು ನಾನು ಕಣ್ಣಾರೆ ಕಂಡದ್ದು ಅವತ್ತೇ. ಕಾಳು ಬಿಡಿಸುವಷ್ಟು ಸಲೀಸಾಗಿ ಬೆರಳು ಆಡಿಸಿದಳು. ಕೊನೆಗೆ ಒಂದು ಸಲ ಒತ್ತಿ, "ಓಯ್ತು ಅಜ್ಜಿ," ಅಂದಳು. ನನಗೆ ಎದೆ ತುಂಬಿ ಅವಳ ಜಡೆ ಹಿಡಿದುಕೊಂಡೆ.

ಬಸ್ಸು ಹತ್ತಿದ ಮೇಲೆ ದಿಗಿಲು ಹತ್ತಿತು. ಚೆನ್ನಾಗಿದೆ ಎಂಬ ಮಾತನ್ನು ಒಂದು ಕೋಣೆಯಲ್ಲಿ ಆಡಿದ್ದರೆ ಆಗುತ್ತಿತ್ತು. ಅದನ್ನು ಒಂದು ದೇಶಕ್ಕೇ ಕಳಿಸಿಬಿಟ್ಟೆನಲ್ಲ. ಅಲ್ಲಿ ಎಷ್ಟು ಮಕ್ಕಳು ಬಾಯಿಬಿಟ್ಟು ಓದಿರಬಹುದು? ಕಾಗದ ಅಷ್ಟು ದೂರ ಹೋಗುವುದಾದರೆ ದೃಷ್ಟಿ ಅಷ್ಟು ದೂರದಿಂದ ಬರುವುದಿಲ್ಲವೇ? ಮನೆಗೆ ಬಂದವಳೇ ಉಪ್ಪು ಮೆಣಸಿನಕಾಯಿ ಹಿಡಿದು ಚಂದ್ರಿಕೆಗಳಿಗೆಲ್ಲ ನಿವಾಳಿಸಿ ಒಲೆಗೆ ಹಾಕಿದೆ. ಸೊಸೆ, "ಯಾಕತ್ತೆ, ಯಾರಾರು ಏನಾರು ಅಂದ್ರಾ?" ಅಂದಳು. ಇಲ್ಲ ಅಂದೆ. ಐದು ದಿನ ಹುಳುಮನೆ ಬಾಗಿಲು ಬಿಟ್ಟು ಕದಲಲಿಲ್ಲ.

ಗೂಡು ಬಿಡಿಸಿದ ದಿನ ಮೂರು ಚಂದ್ರಿಕೆಯಲ್ಲಿ ಹುಳು ಗೂಡು ಕಟ್ಟದೆ ಕಪ್ಪಾಗಿ ಜೋತುಬಿದ್ದಿದ್ದವು. ಮಿಕ್ಕದ್ದೆಲ್ಲ ಗಟ್ಟಿ ಗೂಡು. ಮಗ, "ಸೆಕೆಗೆ ಕಣವ್ವ, ಆ ಮೂಲೇಲಿ ಗಾಳಿ ಆಡಾಕಿಲ್ಲ," ಅಂದ. ನಾನು ಆ ಮೂರನ್ನು ಹೊರಗೆ ತೆಗೆದಿಟ್ಟೆ.

ಅದೇ ವಾರ ಮೊಮ್ಮಗಳು ಬೀದಿ ಕೊನೆಯಿಂದಲೇ ಓಡಿಬಂದಳು. ಡಬ್ಬ ಕಳಿಸುವುದನ್ನು ಅಲ್ಲಿಯವರು ನಿಲ್ಲಿಸಿದ್ದರು. ಒಬ್ಬ ಹುಡುಗಿ ಬರೆದಿದ್ದಳಂತೆ: ನನ್ನ ತಾತ ಸಮುದ್ರಕ್ಕೆ ಮೀನು ಹಿಡಿಯಲು ಹೋಗುತ್ತಾನೆ, ಹೊರಡುವಾಗ ಒಳ್ಳೆ ಮೀನು ಸಿಗಲಿ ಅಂದರೆ ಬೈಯುತ್ತಾನೆ, ಹಾಳು ಮೀನು ಸಿಗಲಿ ಅಂತಲೇ ಹರಸಬೇಕು. ನಿಮ್ಮ ಅಜ್ಜಿ ಹೇಳಿದ್ದು ತಾತನಿಗೆ ಬಹಳ ಸರಿ ಅನ್ನಿಸಿತು.

ಆ ಮುದುಕನನ್ನು ನೆನೆದು ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಎದುರುಮನೆಯವಳಿಗೆ ಕೂಗಿ ಹೇಳಿದೆ.

ಮುಂದಿನ ಬೆಳೆಗೆ ಅವಳು ಮತ್ತೆ ಪುಸ್ತಕ ಹಿಡಿದು ಬಂದಳು. "ಆ ತಾತ ಕೇಳವ್ನೆ ಅಜ್ಜಿ, ಉಳ ಎಂಗವೆ ಅಂತ."

"ಅರ್ಧಕ್ಕರ್ಧ ಓಯ್ತು ಅಂತ ಬರಿ."

"ಇನ್ನರ್ಧ?"

"ಅವನ್ಗೆ ಗೊತ್ತಾಯ್ತದೆ, ಬರಿ ಮಗ."

ನಗುತ್ತ ಬರೆದುಕೊಂಡಳು. ಆ ಮೂರು ಚಂದ್ರಿಕೆಯ ವಿಚಾರ ಮಾತ್ರ ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಆ ಕುರ್ಚಿಯಲ್ಲಿ ಕೂತಾಗಲೆಲ್ಲ ಅವಳಿಗೆ ಆ ಕಪ್ಪಾದ ಹುಳುಗಳೇ ಕಾಣುತ್ತಿದ್ದವು.