ಬೂಷ್ಟು ಹಿಡಿದ ಮೆಕ್ಕೆಜೋಳ

ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನು ಟ್ಯಾಂಕರಿನಲ್ಲಿ ಎಥನಾಲ್ ಫ್ಯಾಕ್ಟರಿಗೆ ವರ್ಷಗಟ್ಟಲೆ ಸಾಗಿಸಿದ್ದೆ; ಯಾರೂ ಬೇಡವೆಂದಿರಲಿಲ್ಲ. ಚಿಗಟೇರಿಯಿಂದ ಮೊದಲ ಸಲ ಲಾರಿಗೆ ಮೆಕ್ಕೆಜೋಳ ಲೋಡು ಮಾಡಿಕೊಂಡು ಅದೇ ಫ್ಯಾಕ್ಟರಿಗೆ ಹೋದ ದಿನ, ಲ್ಯಾಬಿನ ಮೇಡಂ ಒಂದು ಮುಷ್ಟಿ ಕಾಳು ಮೂಸಿ, "ಬೂಷ್ಟು ಹಿಡದೈತಿ, ವಾಪಸ್ ತಗೊಂಡು ಹೋಗ್ರಿ ಅಣ್ಣಾರ" ಅಂದರು.

ನನಗೆ ಸಿಟ್ಟು ಬಂತು. "ಹೆಂಗೂ ಪೆಟ್ರೋಲಿಗೆ ಬೆರಸೋದು. ಬೂಷ್ಟು ಇದ್ರ ಕಾರಿಗೇನಾಗ್ತೈತ್ರಿ ಮೇಡಂ?"

ಅವರು ನಕ್ಕು, ಬಿಸಿಲಲ್ಲಿ ನಿಂತೇ ಬಿಡಿಸಿ ಹೇಳಿದರು. "ಕಾಕಂಬಿ ಮೊದಲೇ ಸಿಹಿ. ನೀರು ಬೆರೆಸಿ ಯೀಸ್ಟ್ ಹಾಕಿದ್ರ ಹುಳಿ ಬರ್ತೈತಿ. ಮೆಕ್ಕಿಜೋಳದಾಗ ಇರೋದು ಹಿಟ್ಟು. ಅದನ್ನ ಬೀಸಿ, ಬೇಯಿಸಿ, ಮೊದಲು ಸಕ್ಕರಿ ಮಾಡ್ಕೋಬೇಕು. ಕೆಲಸ ಜಾಸ್ತಿ. ಆದ್ರ ಎಥನಾಲ್ ತೆಗೆದ ಮ್ಯಾಲೆ ಉಳಿಯೋ ಚರಟಾನ ಒಣಗಿಸಿ ದನಕ್ಕ ಹಾಕ್ತಾರ. ಬೂಷ್ಟಿನ ವಿಷ ಕಾರಿಗೆ ಹೋಗಲ್ರಿ, ದನದ ಹೊಟ್ಟಿಗೆ ಹೋಗ್ತೈತಿ."

ಹಿಂದಿನ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಮ್ಯಾನೇಜರೇ ಬಂದು "ಇದೊಂದು ತಗೊಂಡುಬಿಡಮ್ಮ" ಅಂದರೂ ಅವರು ಜಗ್ಗಲಿಲ್ಲ. ಯಾರದೋ ಕೊಟ್ಟಿಗೆಯ, ತಾವು ಎಂದೂ ನೋಡದ ದನಗಳಿಗಾಗಿ ಹಾಗೆ ನಿಂತವರ ಮುಂದೆ ಇನ್ನೇನು ವಾದ? ಲಾರಿ ತಿರುಗಿಸಿದೆ.

ದಾರಿಯಲ್ಲಿ ಚಹಾಕ್ಕೆ ನಿಂತಾಗ ಮಾಲು ಕಳಿಸಿದ್ದ ವ್ಯಾಪಾರಿ ಫೋನಿನಲ್ಲಿ ಕೂಗಾಡಿದ. "ಯಾರಲೇ ಬ್ಯಾಡ ಅಂದಿದ್ದು?"

"ದನಗಳು, ಸಾವ್ಕಾರ್ರ" ಅಂದೆ.