ಕುಂಕುಮ ಹತ್ತಿದ ಕೋವಿ

ಟೆಕ್ಸಸ್‌ನ ಸೀಡರ್ ಪಾರ್ಕ್‌ನ ನಮ್ಮ ಬೀದಿಯಲ್ಲಿ ನನ್ನ ಬಾಯಿಗೆ ಹೆದರದವರು ಒಬ್ಬರೇ, ಪಕ್ಕದ ಮನೆಯ ಅಮೆರಿಕನ್ ಅಂಕಲ್. ಎಂಬತ್ತು ದಾಟಿದವರು, ಕ್ಲಿಯರ್ ಲೇಕ್‌ನಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿಲ್ಲ. ಅವರ ಬಳಿ ಇದ್ದದ್ದು ಮುತ್ತಜ್ಜನ ಕೋವಿ. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದವರ ಕಡೆಯಿಂದ ಹೋರಾಡಿದ, ಗುರಿಯಿಟ್ಟು ಹೊಡೆಯುವ ಸಿಪಾಯಿಗಳ ತುಕಡಿಯೊಂದರಲ್ಲಿ ಆ ಮುತ್ತಜ್ಜ ಇದ್ದನಂತೆ. ಆ ತುಕಡಿಯ ಚರಿತ್ರೆಯನ್ನು ಅಂಕಲ್ ಜೀವಮಾನವಿಡೀ ಕಲೆಹಾಕಿದ್ದರು.

ಅವರ ಕಣ್ಣು ಮಂಜಾದ ಮೇಲೆ ಅದನ್ನು ಟೈಪ್ ಮಾಡುವ ಕೆಲಸ ನನ್ನ ತಲೆಗೆ ಬಂತು. ಮೂರು ತಿಂಗಳು ಆಫೀಸ್ ಮುಗಿಸಿ ಹೋಗಿ ಕೂತೆ. ಮೊದಮೊದಲು ದಾಕ್ಷಿಣ್ಯಕ್ಕೆ, ಆಮೇಲೆ ಹುಚ್ಚು ಹಿಡಿದು. ಆ ತುಕಡಿಗೆ ಸೇರಬೇಕಾದರೆ ದೂರದ ಗುರಿಗೆ ಗುಂಡು ಹೊಡೆದು ಪಾಸಾಗಬೇಕಿತ್ತಂತೆ. ಗುರಿ ತಪ್ಪಿದವನನ್ನು ಮನೆಗೆ ಕಳಿಸುತ್ತಿದ್ದರಂತೆ. ಕೆಲವರು ಸ್ವಂತ ಕೋವಿಯನ್ನೇ ತಂದಿದ್ದರು. ದಂಡು ಮುಂದೆ ಹೋಗುವಾಗ ಎಲ್ಲರಿಗಿಂತ ಮುಂದೆ ಇವರು, ಹಿಂದೆ ಸರಿಯುವಾಗ ಎಲ್ಲರಿಗಿಂತ ಕೊನೆಗೆ ಇವರು. ಉಳಿದವರು ಎಷ್ಟು ಕಡಿಮೆಯಾದರೆಂದರೆ, ಕೊನೆಗೆ ತುಕಡಿಯನ್ನೇ ಮುರಿದು ಬೇರೆ ದಳಕ್ಕೆ ಸೇರಿಸಿಬಿಟ್ಟರು. ಆ ಭಾಗ ಹೇಳುವಾಗ ಅಂಕಲ್ ಕುರ್ಚಿಯಲ್ಲೇ ಕುಗ್ಗಿಹೋಗುತ್ತಿದ್ದರು. ಗುಲಾಮಗಿರಿಯನ್ನು ಮುಗಿಸಿದ ಕಡೆಯವರು ಅವರು ಎನ್ನುವಾಗ ಮಾತ್ರ ಬೆನ್ನು ನೆಟ್ಟಗಾಗುತ್ತಿತ್ತು. ಆಗ ದಕ್ಷಿಣದವರ ಕಡೆಗಿದ್ದ ಟೆಕ್ಸಸ್‌ನಲ್ಲಿ ಕೂತು ಅದನ್ನು ಗಟ್ಟಿಯಾಗಿ ಹೇಳಲು ಎದೆಗಾರಿಕೆ ಬೇಕು ಎಂದು ನಗುತ್ತಿದ್ದರು.

ಚರಿತ್ರೆಯನ್ನೂ ಕೋವಿಯನ್ನೂ ಕೊಡುತ್ತೇವೆಂದು ಬರೆದಾಗ, ಹತ್ತಿರದ ಜಾರ್ಜ್‌ಟೌನ್‌ನ ಒಂದು ಪುಟ್ಟ ಮ್ಯೂಸಿಯಂನವರು ಚರಿತ್ರೆಯನ್ನು ಒಪ್ಪಿಕೊಂಡರು. ಕೋವಿಗೆ ಮಾತ್ರ ತಕರಾರು. ಅದು ಆ ತುಕಡಿಯದೇ ಎನ್ನಲು ಪುರಾವೆ ಏನು? ಮನೆಮಾತು ಪುರಾವೆಯಲ್ಲವಂತೆ. ನನಗೆ ಮೈಯೆಲ್ಲ ಉರಿಯಿತು. ಅಂಕಲ್ ಮಾತ್ರ ಮೆತ್ತಗೆ ಹೇಳಿದರು, "ನಾನು ಹೋದ ಮೇಲೆ ಯಾರೋ ಇದನ್ನು ಗ್ಯಾರೇಜ್ ಸೇಲ್‌ನಲ್ಲಿ ಇಡುತ್ತಾರೆ. ಅಷ್ಟೇ." ನಾನು ಬಿಡಲಿಲ್ಲ. ಸೋಮವಾರ ರಜೆ ಹಾಕಿ, ಅವರನ್ನೂ ಕೋವಿಯನ್ನೂ ಕಾರಲ್ಲಿ ಹಾಕಿಕೊಂಡು ಹೋಗಿ ಎದುರೆದುರೇ ಕೇಳೋಣ ಎಂದೆ. ಭಾರ ಹೊರಲಾಗದ ಅಂಕಲ್ ಅದನ್ನು ಕಂಬಳಿಯಲ್ಲಿ ಸುತ್ತಿ ಹಿಂದಿನ ದಿನವೇ ನಮ್ಮ ಗ್ಯಾರೇಜಿನಲ್ಲಿ ಇಡಿಸಿದರು.

ಆ ಭಾನುವಾರ ನಮ್ಮಲ್ಲಿ ಆಯುಧಪೂಜೆ. ಎರಡು ಕಾರು, ಲ್ಯಾಪ್‌ಟಾಪು, ಡ್ರಿಲ್ಲು, ಹುಲ್ಲು ಕತ್ತರಿಸುವ ಮಷೀನು, ನನ್ನ ಕುಕ್ಕರ್, ಎಲ್ಲವನ್ನೂ ಸಾಲಾಗಿ ಇಟ್ಟು ಹೂವೇರಿಸುತ್ತಿದ್ದೆ. ಕಂಬಳಿ ಕಣ್ಣಿಗೆ ಬಿತ್ತು. ಹುಲ್ಲಿನ ಮಷೀನಿಗೆ ಪೂಜೆಯಂತೆ, ನಿಜವಾದ ಆಯುಧ ಮೂಲೆಯಲ್ಲಂತೆ! ಬಿಚ್ಚಿದೆ. ಕೈಯಲ್ಲಿದ್ದ ಕುಂಕುಮವನ್ನು ಹಿಡಿಯ ಮರಕ್ಕೆ ಧಾರಾಳವಾಗಿಯೇ ಹಚ್ಚಿಬಿಟ್ಟೆ. ಮಂಗಳಾರತಿ ಆಗುವವರೆಗೂ ನನಗೆ ಬುದ್ಧಿ ಬರಲಿಲ್ಲ.

ಗಂಡ ನೋಡಿ ತಲೆಗೆ ಕೈ ಹೊತ್ತುಕೊಂಡರು. "ಅಲ್ಲ ಕಣೇ, ಅದೇನು ನಮ್ ಕಾರಾ, ಕುಂಕುಮ ಹಚ್ಚೋಕೆ? ಯಾರದ್ದೋ ಮುತ್ತಜ್ಜಂದು!"

ನೂರೈವತ್ತು ವರ್ಷಕ್ಕೂ ಹಳೆಯ ಮರ, ನಾಳೆಯೇ ತೋರಿಸಬೇಕು. ಒಣ ಬಟ್ಟೆ ತಂದು ಉಜ್ಜಿದೆ, ಉಜ್ಜಿದೆ. ಮೇಲಿನ ಕೆಂಪು ಹೋಯಿತು. ಹಿಡಿಯ ತಳದಲ್ಲಿ ಮಾತ್ರ ಒಂದಿಷ್ಟು ಹೋಗಲಿಲ್ಲ. ಬೈದುಕೊಳ್ಳುತ್ತಾ ಬೆಳಕಿಗೆ ಹಿಡಿದರೆ, ಉಳಿದಿದ್ದು ಕಲೆಯಲ್ಲ, ಗೀರು. ಯಾರೋ ಚಾಕುವಿನಿಂದ ಕೆತ್ತಿದ್ದ ಸಣ್ಣ ಗೀರುಗಳೊಳಗೆ ಕುಂಕುಮ ಕೂತಿತ್ತು. ಶಾಸನದ ಕಲ್ಲಿಗೆ ಹಿಟ್ಟು ಸವರಿದಾಗ ಅಕ್ಷರ ಏಳುತ್ತವಲ್ಲ, ಹಾಗೆ ಎದ್ದಿದ್ದವು: ಎರಡು ಇನಿಷಿಯಲ್, ಪಕ್ಕದಲ್ಲಿ ತುಕಡಿಯನ್ನು ಗುರುತಿಸುವ ಅಕ್ಷರ. ಮೂರು ತಿಂಗಳು ಟೈಪ್ ಮಾಡಿದವಳಿಗೆ ಅವು ಮುತ್ತಜ್ಜನವೆಂದು ಯಾರೂ ಹೇಳಬೇಕಾಗಿರಲಿಲ್ಲ.

ಪಾಲಿಶ್ ಮೇಲೆ ಪಾಲಿಶ್ ಬಳಿದು ಮುಕ್ಕಾಲು ಮುಚ್ಚಿಹೋಗಿದ್ದ ಅಕ್ಷರಗಳು ಅವು. ಓಡಿಹೋಗಿ ಅಂಕಲ್‌ರನ್ನು ಕರೆತಂದೆ. ಅವರ ಕಣ್ಣಿಗೆ ಆಗಲೂ ಕಾಣಲಿಲ್ಲ. ಅವರ ಬೆರಳು ಹಿಡಿದು ಗೀರಿನ ಮೇಲೆ ನಡೆಸಿದೆ. ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ಗೀರಿನ ಕೆಂಪು ಅವರ ಕೈಗೂ ಅಂಟಿತು.

ಮರುದಿನ ಮ್ಯೂಸಿಯಂನ ಹೆಂಗಸು ಮೊದಲು ನನಗೆ ಚೆನ್ನಾಗಿಯೇ ಬೈದಳು. ಹಳೆಯ ವಸ್ತುವಿಗೆ ಪುಡಿ ಸವರುವವರುಂಟೇ? ಬೈಸಿಕೊಳ್ಳುತ್ತಲೇ ನಾನು ಹಿಡಿಯ ತಳವನ್ನು ಅವಳ ಕಡೆ ತಿರುಗಿಸಿದೆ. ಭೂತಗನ್ನಡಿ ಹಿಡಿದು, ತುಕಡಿಯ ಹಾಜರಿ ಪಟ್ಟಿಯ ಜೊತೆ ಹೋಲಿಸಿ, ಅವಳೇ ಒಪ್ಪಿಕೊಂಡಳು.

ಕೋವಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟ ದಿನ ಚರಿತ್ರೆಯನ್ನು ಓದಿದವಳು ನಾನು. ಮುಂದಿನ ಸಾಲಿನಲ್ಲಿ ಅಂಕಲ್. ನನ್ನ ಮೈಸೂರು ಇಂಗ್ಲಿಷಿನಲ್ಲಿ ಆ ತುಕಡಿಯ ಒಂದೊಂದೇ ಕಾಳಗ ಓದುತ್ತಾ ಹೋದಂತೆ, ನಮ್ಮ ಮನೆಯವರ ಸುದ್ದಿಯೇ ಓದುತ್ತಿದ್ದೇನೆ ಎನ್ನುವಷ್ಟು ಹೆಮ್ಮೆಯಾಯಿತು. ಕೊನೆಯ ಹಾಳೆಯ ಕೆಳಗೆ, ನಾನು ಟೈಪ್ ಮಾಡಿರದ ಒಂದು ಸಾಲಿತ್ತು. ಅಂಕಲ್‌ರ ಸೊಟ್ಟ ಸೊಟ್ಟ ಕೈಬರಹ. ಅದನ್ನೂ ಗಟ್ಟಿಯಾಗಿಯೇ ಓದಿದೆ.

"ಈ ಕೋವಿಯ ಕೊನೆಯ ಹಾಜರಿ: ಸೀಡರ್ ಪಾರ್ಕ್, ನೆರೆಮನೆಯವಳ ಗ್ಯಾರೇಜು. ಗೌರವ ಸಂದಿತು."